ಒಂದು ತಾಸಿನ ದಾರಿ

"ವಿಮಾನದಾಗ ಒಂದು ತಾಸಿನ ದಾರಿ ತಮ್ಮಾ, ಬಾರಲ್ಲ" ಅಂತ ಬೆಂಗಳೂರಿನಿಂದ ನಮ್ಮಣ್ಣ ಫೋನ್ ಮಾಡಿದಾಗೆಲ್ಲ ಹೇಳುತ್ತಾನೆ. 1983ರಲ್ಲಿ ಬ್ಯಾಂಕ್ ನೌಕರಿಗೆಂದು ಕಾಚಿಗೂಡಕ್ಕೆ ಬಂದು ಇಲ್ಲೇ ಉಳಿದ ನನಗೆ ಅವನ ಲೆಕ್ಕ ಯಾವತ್ತೂ ತಾಳೆಯಾಗಿಲ್ಲ.

ನಾವು ರಾಯಚೂರಿನ ಕಡೆಯವರು. ನಿಜಾಮರ ಕಾಲದಲ್ಲಿ ರಾಯಚೂರು, ಕಲಬುರಗಿ, ಬೀದರಿನವರಿಗೆ ಹೈದರಾಬಾದೇ ರಾಜಧಾನಿ. ಕಾಲೇಜು, ಕಚೇರಿ, ದೊಡ್ಡ ಕೋರ್ಟು ಎಲ್ಲಕ್ಕೂ ಇತ್ತಲೇ ಬರಬೇಕಿತ್ತು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳನ್ನು ಕಂಡರೆ ಆ ನಂಟು ನೆನಪಾಗುತ್ತದೆ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸುಮಾರು 200 ಕಿ.ಮೀ. ದೂರವಿದ್ದ ರಾಜಧಾನಿ ಒಂದೇ ದಿನದಲ್ಲಿ ಸುಮಾರು 400 ಕಿ.ಮೀ. ದೂರಕ್ಕೆ ಹೋಯಿತು. ಗುಮಾಸ್ತರಾಗಿದ್ದ ಅಪ್ಪನ ಕಾಗದಪತ್ರಗಳೂ ಅತ್ತ ಹೋದವು. ಮುಂದೆ ಅಣ್ಣ ಹೊಸ ರಾಜಧಾನಿ ಹಿಡಿದ, ನಾನು ಹಳೆಯದನ್ನು.

ನಮ್ಮಿಬ್ಬರ ನಡುವೆ ಬಹಳ ಕಾಲ ಇದ್ದದ್ದು ರೈಲು. ಕಾಚಿಗೂಡ ಸ್ಟೇಷನ್ 1916ರಲ್ಲಿ ನಿಜಾಮರು ಕಟ್ಟಿಸಿದ್ದು, ಗುಮ್ಮಟಗಳ ಚೆಂದದ ಕಟ್ಟಡ. ರಾತ್ರಿ ಹತ್ತಿದರೆ ಬೆಳಗ್ಗೆ ಬೆಂಗಳೂರು. ವಿಮಾನ ಅನ್ನೋದು ನಮ್ಮಂಥವರಿಗೆ ತಲೆ ಎತ್ತಿ ನೋಡುವ ವಸ್ತು. 2003ರಲ್ಲಿ ಏರ್ ಡೆಕ್ಕನ್ ಬಂದಮೇಲೆ ನಾವೂ ಹತ್ತಿದೆವು. ಬೇಗಂಪೇಟೆ ಮನೆಯಿಂದ ಹತ್ತು ಕಿ.ಮೀ.; ಆಟೋ ಸಾಕು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೂ ಊರೊಳಗೇ.

2008ರಲ್ಲಿ ಎರಡೂ ಬದಲಾದವು. ಮಾರ್ಚ್ 23ಕ್ಕೆ ಶಂಷಾಬಾದ್, ಮೇ 24ಕ್ಕೆ ದೇವನಹಳ್ಳಿ. ನಕಾಶೆ ತೆಗೆದು ನೋಡಿ, ಮಜಾ ಇದೆ. ಶಂಷಾಬಾದ್ ಇರುವುದು ಹೈದರಾಬಾದಿನ ದಕ್ಷಿಣಕ್ಕೆ, ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕೆ. ಅಂದರೆ ನಿಲ್ದಾಣಗಳು ಒಂದರ ಕಡೆಗೊಂದು ಸರಿದವು. ಬೇಗಂಪೇಟೆಯಿಂದ ಎಚ್‌ಎಎಲ್‌ಗೆ ನೇರ ಗೆರೆ ಎಳೆದರೆ ಸುಮಾರು 510 ಕಿ.ಮೀ.; ಈಗ ಸುಮಾರು 455. ಆಕಾಶದಲ್ಲಿ ಐದಾರು ನಿಮಿಷ ಉಳಿಯಿತು ಅನ್ನಿ. ಆದರೆ ನನ್ನ ಮನೆಯಿಂದ ಜಯನಗರದ ಅಣ್ಣನ ಮನೆಗೆ ಎರಡೂ ತುದಿ ಸೇರಿ ನೆಲದ ದಾರಿ 40 ಕಿ.ಮೀ. ಹೆಚ್ಚಾಯಿತು. ಅದರಲ್ಲಿ ಬಹುಪಾಲು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ.

ಆ ಜೂನ್‌ನಲ್ಲೇ ಅವ್ವನಿಗೆ ಹೆಚ್ಚಾಯಿತು. ಫೋನ್ ಬಂದಾಗ ರಾತ್ರಿ ಹತ್ತೂವರೆ, ರೈಲು ಹೋಗಿಯಾಗಿತ್ತು. ಬೆಳಗಿನ ವಿಮಾನಕ್ಕೆ ನಾಲ್ಕಕ್ಕೇ ಮನೆ ಬಿಟ್ಟೆ. ಹಾರಿದ್ದು ಒಂದೇ ತಾಸು, ಅಣ್ಣ ಸುಳ್ಳು ಹೇಳಿಲ್ಲ. ದೇವನಹಳ್ಳಿಯಿಂದ ಆಸ್ಪತ್ರೆ ಮುಟ್ಟಲು ಎರಡೂವರೆ ತಾಸು ಹಿಡಿಯಿತು. ಹೆಬ್ಬಾಳದಲ್ಲಿ ಟ್ಯಾಕ್ಸಿ ಅಲ್ಲಾಡದೆ ನಿಂತಾಗ ಇಳಿದು ಓಡಲೇ ಅನ್ನಿಸಿತು. ಹತ್ತೂಮುಕ್ಕಾಲಿಗೆ ಒಳಗೆ ಹೋದೆ. ಅವ್ವ ಕಣ್ಣು ಬಿಟ್ಟು, "ರೈಲಿನ್ಯಾಗ ಬಂದಿಯೇನೋ? ಉಂಡಿಯೋ ಇಲ್ಲೋ?" ಅಂದಳು. "ಹ್ಞೂಂ, ರೈಲಿನ್ಯಾಗ ಬಂದೆ" ಅಂದೆ. ಯಾಕೆ ಹಾಗಂದೆನೋ. ಸಂಜೆಗೆ ಹೋದಳು.

2023ರ ಸೆಪ್ಟೆಂಬರ್ 24ರಂದು ಕಾಚಿಗೂಡದಿಂದ ಯಶವಂತಪುರಕ್ಕೆ ವಂದೇ ಭಾರತ್ ರೈಲಿಗೆ ಚಾಲನೆ ಸಿಕ್ಕಿತು. ಸುಮಾರು 610 ಕಿ.ಮೀ.ಗೆ ಎಂಟೂವರೆ ತಾಸು. ನನ್ನ ಆ ದಿನದ ವಿಮಾನ ಪ್ರಯಾಣಕ್ಕಿಂತ ಎರಡು ತಾಸು ಹೆಚ್ಚೇನೋ ಹೌದು, ಆದರೆ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಈಗ ಅದರಲ್ಲೇ ಹೋಗುತ್ತೇನೆ. ಮಹಬೂಬನಗರ, ಕರ್ನೂಲು, ಅನಂತಪುರ, ಧರ್ಮಾವರಂ ದಾಟಿಕೊಂಡು ಹೋಗುತ್ತದೆ. ರಾಯಚೂರು ಆ ದಾರಿಯಲ್ಲಿಲ್ಲ. ಅದಕ್ಕೆ ಬೇರೆ ರೈಲೇ ಹಿಡಿಯಬೇಕು.