ಮಡಕೆ, ಪೀಪಾಯಿ, ಜಾಡಿ: ನಮ್ಮ ಸೀಮೆಯ ಪಾನಪಾತ್ರೆಗಳ ಕಥೆ



ಇತಿಹಾಸದ ಪಾಠಗಳಲ್ಲಿ ಅರಸರಿಗೆ ಸಿಕ್ಕಷ್ಟು ಪುಟಗಳು ಮಡಕೆಗೆ ಸಿಗುವುದಿಲ್ಲ. ಆದರೆ ನೆಲವನ್ನು ಅಗೆಯುವ ಪುರಾತತ್ತ್ವಜ್ಞರ ಕೈಗೆ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಮಡಕೆಯ ಚೂರೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನ ಹೆಂಡ, ಸಾರಾಯಿ, ವೈನುಗಳನ್ನು ಯಾವ ಯಾವ ಪಾತ್ರೆಗಳಲ್ಲಿ ತುಂಬಿಟ್ಟರು ಎಂಬುದೂ ಇತಿಹಾಸವೇ. ಈ ವಯಸ್ಸಿನಲ್ಲಿ ಮೇಷ್ಟರು ಹೆಂಡದ ವಿಷಯ ಎತ್ತಿದರಲ್ಲ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಪಾತ್ರೆ ಬದಲಾದಂತೆ ಕುಡಿಯುವವನ ಬದುಕು ಹೇಗೆ ಬದಲಾಯಿತು ಎಂಬುದಷ್ಟೇ ಇಲ್ಲಿಯ ವಿಚಾರ.

ಮೊದಲನೆಯದು ಮಡಕೆ. ಸದಾ ಹರಿಯುವ ನದಿಯಿಲ್ಲದ ನಮ್ಮ ಸೀಮೆಯಲ್ಲಿ ಕೆರೆಯಂಗಳ, ಹಳ್ಳದ ಬದಿಗಳಲ್ಲಿ ಈಚಲು ಮರ ತಾನಾಗಿ ಬೆಳೆಯುತ್ತಿತ್ತು. ಅದರ ರಸ ಕನ್ನಡದವರಿಗೆ ಹೆಂಡ, ತೆಲುಗು ಮಾತಿನ ಮನೆಗಳಲ್ಲಿ ಕಲ್ಲು, ಅಬಕಾರಿ ಕಡತಗಳಲ್ಲಿ ಸೇಂದಿ. ಈಡಿಗರು ಮರವನ್ನು ಕೆತ್ತಿ ಮಡಕೆ ಕಟ್ಟುತ್ತಿದ್ದರು. ಮರ ಹತ್ತಿ ಇಳಿಯುವಾಗ ಹಗುರವಾಗಿರಲೆಂದು ಒಣಗಿದ ಸೋರೆಬುರುಡೆಯೂ ಬಳಕೆಯಲ್ಲಿತ್ತು. ಮಣ್ಣಿನ ಪಾತ್ರೆಯ ಆಯ್ಕೆಯಲ್ಲಿ ಎರಡು ಜಾಣತನಗಳಿದ್ದವು. ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ರಸ ತಂಪಾಗಿರುತ್ತಿತ್ತು. ಹಳೆಯ ಮಡಕೆಯ ಅದೇ ರಂಧ್ರಗಳಲ್ಲಿ ಉಳಿದ ಹುದುಗು ಮರುದಿನದ ರಸವನ್ನು ಬೇಗ ಹುಳಿಯಿಸುತ್ತಿತ್ತು. ರಸ ಸಿಹಿಯಾಗಿಯೇ ಉಳಿಯಬೇಕೆಂದರೆ ಒಳಗೆ ಸುಣ್ಣ ಬಳಿದರೆ ಸಾಕು, ಅದು ಹೆಂಡವಾಗದೆ ನೀರಾ ಆಗುತ್ತಿತ್ತು.

ಮಡಕೆಯ ಹೆಂಡಕ್ಕೆ ಒಂದು ಮಿತಿಯಿತ್ತು. ಬೆಳಿಗ್ಗೆ ಇಳಿಸಿದ್ದು ಮರುದಿನದ ಹೊತ್ತಿಗೆ ವಿನೆಗರಿನ ದಾರಿ ಹಿಡಿಯುತ್ತಿತ್ತು. ಅದನ್ನು ಕೂಡಿಡಲಾಗದು, ದೂರ ಸಾಗಿಸಲಾಗದು. ಆದ್ದರಿಂದ ಕುಡಿಯುವವನಿಗೆ ಮರವೂ ಗೊತ್ತು, ಮರ ಹತ್ತಿದವನೂ ಗೊತ್ತು.

ಎರಡನೆಯದು ಪೀಪಾಯಿ. ಈ ಮಾತು ನಮಗೆ ಬಂದದ್ದು ಪೋರ್ಚುಗೀಸರ 'ಪೀಪಾ' ಎಂಬ ಶಬ್ದದಿಂದ. ಯೂರೋಪಿನಲ್ಲಿ ಮರದ ಪೀಪಾಯಿಯನ್ನು ಬೆಳೆಸಿದವರು ಕೆಲ್ಟ್ ಜನ. ರೋಮನ್ನರ ಮಣ್ಣಿನ ಆಂಫೊರಾಗಳನ್ನು ಅದು ಮೆಲ್ಲನೆ ಹಿಂದಕ್ಕೆ ತಳ್ಳಿತು. ಒಡೆಯುವುದಿಲ್ಲ, ಉರುಳಿಸಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಸಾರಾಯಿ ಭಟ್ಟಿ ಇಳಿಸಿದ ಮದ್ಯವಾದ್ದರಿಂದ ಹೆಂಡದಂತೆ ಕೆಡುವುದಿಲ್ಲ. ಕೆಡದ ವಸ್ತುವನ್ನು ಪೀಪಾಯಿಗೆ ತುಂಬಿ ಅಳೆಯಬಹುದು, ಮುದ್ರೆಯೊತ್ತಬಹುದು, ಸುಂಕ ವಿಧಿಸಬಹುದು, ಗುತ್ತಿಗೆಗೆ ಹರಾಜು ಹಾಕಬಹುದು. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಅಬಕಾರಿ ಒಂದು ದೊಡ್ಡ ಆದಾಯವಾದದ್ದು ಹೀಗೆ. ಕುಡಿಯುವವನಿಗೂ ಮಾಡುವವನಿಗೂ ನಡುವೆ ಗುತ್ತಿಗೆದಾರ ಬಂದು ನಿಂತ.

ಪೀಪಾಯಿಯ ಕೊನೆಯ ಮೊಮ್ಮಗ ಪ್ಲಾಸ್ಟಿಕ್ ಪ್ಯಾಕೆಟ್. ಅದು ಕೂಲಿಯವನ ಜೇಬಿನೊಳಕ್ಕೆ ಹೊಕ್ಕು, ಸಂಜೆಯ ಬಟವಾಡೆಯನ್ನು ಮನೆ ಸೇರುವ ಮೊದಲೇ ನುಂಗಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮರುವರ್ಷ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು ಮತ್ತು ಕೋಲಾರದ ಕಡೆಗಳಲ್ಲೂ ನೆರೆಯ ಕೃಷ್ಣಗಿರಿಯಲ್ಲೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿ ಬೆರೆತಿದ್ದದ್ದು ಮೆಥನಾಲ್ ಎಂಬ ವಿಷ. ಕಣ್ಣಿಗೆ ಅದು ಸಾಮಾನ್ಯ ಮದ್ಯಸಾರದಂತೆಯೇ ಬಣ್ಣವಿಲ್ಲದ ದ್ರವ. ಅಷ್ಟು ಹೊತ್ತಿಗೆ ಕುಡಿಯುವವನಿಗೆ ಮರವೂ ಗೊತ್ತಿರಲಿಲ್ಲ, ಮಾಡಿದವನೂ ಗೊತ್ತಿರಲಿಲ್ಲ.

ಮೂರನೆಯದು ಜಾಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಅಲ್ಲಿ ಇಂಗ್ಲಿಷರ ಬಂಗಲೆಗಳೂ ಕ್ಲಬ್ಬೂ ಎದ್ದವು. ಅವರ ಬಿಯರಿಗೆ ದೊಡ್ಡ ಭಟ್ಟಿಗಳಿದ್ದವು. 1915ರಲ್ಲಿ ಥಾಮಸ್ ಲೈಶ್‌ಮನ್ ದಕ್ಷಿಣ ಭಾರತದ ಕೆಲವು ಬಿಯರ್ ಭಟ್ಟಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆದರೆ ಗಣಿಯೂರಿನ ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತ ಮನೆಗಳ ಕ್ರಿಸ್‌ಮಸ್ ವೈನ್ ಅಡುಗೆಮನೆಯದು. ದ್ರಾಕ್ಷಿ, ಸಕ್ಕರೆ, ಹುದುಗು, ಒಂದು ಪಿಂಗಾಣಿ ಜಾಡಿ, ಬಾಯಿಗೊಂದು ಬಟ್ಟೆ: ಇಷ್ಟೇ ಸಲಕರಣೆ. 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಸುತ್ತಮುತ್ತಲೇ ಬೆಳೆಯುವಂಥದು.

ಹೆಂಡಕ್ಕೆ ಒಪ್ಪಿದ ಮಡಕೆ ವೈನಿಗೇಕೆ ಒಪ್ಪದು? ಹೆಂಡದ ಆಯುಷ್ಯ ಒಂದು ದಿನ, ವೈನಿನದು ತಿಂಗಳುಗಳು. ಅಷ್ಟು ಕಾಲ ಗಾಳಿ ತಾಗಿದರೆ ವೈನ್ ಹುಳಿಯಾಗುತ್ತದೆ. ಆದ್ದರಿಂದಲೇ ಮೆರುಗಿನ ಲೇಪವಿರುವ, ರಂಧ್ರವಿಲ್ಲದ ಜಾಡಿ. ಹುದುಗುವಾಗ ಅನಿಲ ಹೊರಹೋಗಬೇಕು, ಆಗ ಬಿಗಿಯಾಗಿ ಮುಚ್ಚಬಾರದು. ಹುದುಗು ಅಡಗಿದ ಮೇಲೆ ಗಾಳಿ ಒಳಬರಬಾರದು, ಆಗ ಕಂಠಪೂರ್ತಿ ತುಂಬಿ ಮುಚ್ಚಬೇಕು. ತಾಮ್ರ, ಹಿತ್ತಾಳೆಗಳನ್ನು ಹುಳಿ ತಿನ್ನುತ್ತದೆ. ರೋಮನ್ನರು ಸೀಸದ ಪಾತ್ರೆಗಳಲ್ಲಿ ದ್ರಾಕ್ಷಿರಸ ಕುದಿಸಿ ಪಾಕದ ಜೊತೆಗೆ ವಿಷವನ್ನೂ ಕುಡಿದರು.

ವಿದೇಶದಲ್ಲಿರುವ ನಮ್ಮ ಹುಡುಗರಲ್ಲಿ ಮನೆಯಲ್ಲೇ ವೈನ್ ಮಾಡಿ ಪುಟ್ಟ ಓಕ್ ಪೀಪಾಯಿಯಲ್ಲಿಡುವ ಹವ್ಯಾಸದವರು ಇದ್ದಾರು. ಅವರಿಗೊಂದು ಗಣಿತದ ಪಾಠ. ಪೀಪಾಯಿಯ ಉದ್ದ ಅಗಲಗಳು ಅರ್ಧವಾದರೆ ಹಿಡಿಯುವ ದ್ರವ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ದ್ರವಕ್ಕೆ ತಾಗುವ ಮರದ ಮೈ ನಾಲ್ಕನೆಯ ಒಂದು ಭಾಗಕ್ಕೆ ಮಾತ್ರ. ಎಂದರೆ ಪುಟ್ಟ ಪೀಪಾಯಿಯಲ್ಲಿ ಮರದ ರುಚಿಯೂ ಗಾಳಿಯೂ ಇಮ್ಮಡಿ. ಬೋರ್ಡೊ ಪ್ರಾಂತ್ಯದವರು 225 ಲೀಟರಿನ ಪೀಪಾಯಿಯನ್ನು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಒಣಗಿದ ಪೀಪಾಯಿಯನ್ನು ಮೊದಲು ನೀರಿನಲ್ಲಿ ನೆನೆಸಬೇಕು. ಹಲಗೆಗಳು ಉಬ್ಬಿ ಸಂದು ಮುಚ್ಚದಿದ್ದರೆ ಸೋರುತ್ತದೆ. ಊರಿನಲ್ಲಿರುವವರು ಮಾತ್ರ ನೆನಪಿಡಿ: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ.

ಜಾರ್ಜಿಯಾ ದೇಶದವರು ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಹರವಿಗಳ ಒಳಮೈಗೆ ಜೇನುಮೇಣ ಬಳಿದು, ನೆಲದಲ್ಲಿ ಹೂತು ವೈನ್ ಮಾಡುತ್ತಾರೆ. ಆ ವಿದ್ಯೆಯನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಂಚು ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನ ಮಣ್ಣೇನೂ ಕಡಿಮೆಯದಲ್ಲ. ಆದರೆ ಯಾವ ಮಡಕೆ ಹೆಂಡಕ್ಕೆ, ಯಾವುದು ನೀರಿಗೆ ಎಂದು ಬೆರಳಿನಿಂದ ತಟ್ಟಿ ಹೇಳಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಹೆಂಡ ಹೋಯಿತೆಂದು ನಾನು ಅಳುವುದಿಲ್ಲ. ಆ ತಿಳಿವಳಿಕೆಯನ್ನಾದರೂ ಬರೆದಿಡಬೇಕು. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಜಾಡಿಯೋ ಬುರುಡೆಯೋ ಇದ್ದರೆ, ಅದರಲ್ಲಿ ಏನಿಡುತ್ತಿದ್ದರೆಂದು ಅಜ್ಜಿಯನ್ನು ಇವತ್ತೇ ಕೇಳಿ ಬರೆದುಕೊಳ್ಳಿ.