ಇಂಗ್ಲಿಷು ಮರೆತ ಒಂದು ಮಾತು

ಮೊಟ್ಟೆಯನ್ನು ಇಂಗ್ಲಿಷಿನಲ್ಲಿ ‘ಎಗ್’ ಎನ್ನುವರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಈ ಪದವು ಹೊರಗಿನಿಂದ ಬಂದು, ಮನೆಯ ಪದವನ್ನೇ ಹೊರಗಟ್ಟಿ ನೆಲಸಿದುದು. ಹೀಗೆ ನೆಲೆಗೆಟ್ಟ ಆ ಹಳೆಯ ಪದದ ವೃತ್ತಾಂತವನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಇಂಗ್ಲೆಂಡಿನಲ್ಲಿ ಮೊಟ್ಟಮೊದಲು, 1476ರಲ್ಲಿ, ಅಚ್ಚುಕೂಟವನ್ನು ಸ್ಥಾಪಿಸಿದವನು ವಿಲಿಯಂ ಕ್ಯಾಕ್ಸ್‌ಟನ್. 1490ರ ‘ಎನೀಡಾಸ್’ ಎಂಬ ಗ್ರಂಥದ ಮುನ್ನುಡಿಯಲ್ಲಿ ಅವನು ಒಂದು ಪ್ರಸಂಗವನ್ನು ಹೇಳಿದ್ದಾನೆ. ಥೇಮ್ಸ್ ನದಿಯಿಂದ ಸಮುದ್ರದಾಚೆಯ ಜೀಲೆಂಡಿಗೆ ಹೊರಟ ಕೆಲವು ವರ್ತಕರು, ಗಾಳಿ ಬೀಸದಿರಲು, ದಡಕ್ಕಿಳಿದರು. ಅವರಲ್ಲಿ ಶೆಫೀಲ್ಡ್ ಎಂಬ ಜವಳಿ ವರ್ತಕನು ಒಂದು ಮನೆಗೆ ಹೋಗಿ, ತಿನ್ನಲು ‘ಎಗ್ಗಿಸ್’ ಬೇಕೆಂದನು. ತನಗೆ ಫ್ರೆಂಚ್ ಬಾರದೆಂದು ಗೃಹಿಣಿಯು ಉತ್ತರವಿತ್ತಳು! ಫ್ರೆಂಚಿನ ಗಂಧವೂ ಇಲ್ಲದ ವರ್ತಕನಿಗೆ ಕೋಪ ಬಂದಿತು. ಕಡೆಗೆ ಇನ್ನೊಬ್ಬನು ‘ಎಯ್ರೆನ್’ ಎನ್ನಲು, ಆಕೆಗೆ ಚೆನ್ನಾಗಿ ಅರ್ಥವಾಯಿತು.

ಇವರಲ್ಲಿ ಅಚ್ಚ ಇಂಗ್ಲಿಷನ್ನಾಡಿದವರಾರು? ಆ ಗೃಹಿಣಿಯೇ. ‘ಎಯ್’ ಎಂಬುದು ಏಕವಚನ, ‘ಎಯ್ರೆನ್’ ಬಹುವಚನ. ದಾಯಾದಿ ಭಾಷೆಗಳಾದ ಜರ್ಮನ್, ಡಚ್ಚುಗಳಲ್ಲಿ ಇದರ ಒಡಹುಟ್ಟುಗಳು ಇಂದಿಗೂ ಬಳಕೆಯಲ್ಲಿವೆ. ‘ಎಗ್’ ಆದರೋ, ಒಂಬತ್ತನೆಯ ಶತಮಾನದಲ್ಲಿ ದಂಡೆತ್ತಿ ಬಂದು, ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಒಕ್ಕಲಾಗಿ ನಿಂತ ಸ್ಕ್ಯಾಂಡಿನೇವಿಯದ ಜನರ ನುಡಿ. ‘ಸ್ಕೈ’, ‘ವಿಂಡೋ’, ‘ನೈಫ್’ ಎಂಬುವೂ, ‘ದೇ’ ಎಂಬ ಸರ್ವನಾಮವೂ ಅವರು ತಂದವೇ.

ಇವೆರಡರಲ್ಲಿ ಯಾವುದನ್ನು ಬರೆಯಬೇಕೆಂದು ಕ್ಯಾಕ್ಸ್‌ಟನ್ ಅಲ್ಲಿಯೇ ಚಿಂತಿಸುತ್ತಾನೆ. ಅದು ಬರಿಯ ಚಿಂತೆಯಲ್ಲ. ಕೈಬರಹದ ಕಾಲದಲ್ಲಿ ಪ್ರತಿಮಾಡುವವನು ಎಷ್ಟೋ ವೇಳೆ ಗ್ರಂಥವನ್ನು ತನ್ನ ಸೀಮೆಯ ಮಾತಿಗೆ ತಿರುಗಿಸಿಕೊಳ್ಳುತ್ತಿದ್ದನು. ಅಚ್ಚಿನ ಪುಸ್ತಕವಾದರೋ ಎಲ್ಲ ಸೀಮೆಗಳಿಗೂ ಒಂದೇ ರೂಪದಲ್ಲಿ ಹೋಗತಕ್ಕದ್ದು. ಒಂದು ಮಾತಿಗೆ ಮಣೆಹಾಕಿದರೆ ಇನ್ನೊಂದು ಹೊರಗುಳಿಯಬೇಕು. ಹದಿನಾರನೆಯ ಶತಮಾನದಲ್ಲಿ ‘ಎಗ್’ ಗೆದ್ದಿತು. ‘ಎಯ್ರೆನ್’ ಬಳಕೆ ತಪ್ಪಿತು.

ಆದರೂ ಅದು ನಿರ್ನಾಮವಾಗಲಿಲ್ಲ. ಲಂಡನ್ನಿನ ಸಾಮಾನ್ಯ ಜನರನ್ನು ‘ಕಾಕ್ನಿ’ ಎಂದು ಕರೆಯುವುದುಂಟಷ್ಟೆ. ಅದರ ಮೂಲಾರ್ಥ ‘ಹುಂಜದ ಮೊಟ್ಟೆ’ ಎಂದು ನಿಘಂಟುಕಾರರು ತಿಳಿಸುತ್ತಾರೆ. ಮೊದಲು ವಿಕಾರವಾದ ಸಣ್ಣ ಮೊಟ್ಟೆಗೂ, ಬಳಿಕ ಅತಿಮುದ್ದಿನಿಂದ ಬೆಳೆದ ಮಗುವಿಗೂ, ಆಮೇಲೆ ಸುಕುಮಾರನಾದ ಪಟ್ಟಣಿಗನಿಗೂ ಆ ಹೆಸರು ಸಂದಿತು. ಅದರ ಕೊನೆಯಲ್ಲಿ ಕೇಳಿಸುವ ‘ನಿ’ಕಾರದೊಳಗೆ ಆ ಗೃಹಿಣಿಯ ‘ಎಯ್’ ಅಡಗಿದೆ. ಪರಭಾಷೆಯೆಂದು ಆಕೆ ತಳ್ಳಿದ ಮಾತು ಇಂದು ಇಂಗ್ಲಿಷಾಗಿದೆ. ಆಕೆಯ ಮನೆಮಾತನ್ನು ಈಗ ನಿಘಂಟಿನಲ್ಲಿ ಹುಡುಕಬೇಕು.