ಅಜ್ಜಿಯ ಮಣೆ, ತಾತನ ಡೆಸ್ಕು

ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧ ನಡೆಯಿತು. ಮೂರಡಿ ಜಾಗಕ್ಕೆ! ಹಾಲ್‌ನಿಂದ ಬಾಲ್ಕನಿಗೆ ಹೋಗುವ ಬಾಗಿಲ ಪಕ್ಕದ ಮೂಲೆ ಅದು. ಹಳೇ ಪೇಪರ್ ಕಟ್ಟು, ಮಗನ ಮುರಿದ ಬ್ಯಾಟು, ಇಸ್ತ್ರಿಗೆ ಕಾಯುತ್ತಿರುವ ಬಟ್ಟೆಯ ಬುಟ್ಟಿ ಎಲ್ಲವೂ ಅಲ್ಲೇ ಠಿಕಾಣಿ ಹೂಡಿದ್ದವು. "ಇವತ್ತಿನಿಂದ ಇದು ನಂದು, ಬರೆಯೋದಕ್ಕೆ" ಅಂತ ಘೋಷಿಸಿದೆ. "ಡೈನಿಂಗ್ ಟೇಬಲ್ ಇದೆಯಲ್ಲ?" ಅಂದರು ನಮ್ಮವರು. ಇದೆ, ಇಲ್ಲ ಅಂದವರು ಯಾರು? ಆದರೆ ಅಲ್ಲಿ ಕೂತು ನಾಲ್ಕು ಸಾಲು ಬರೆಯುವಷ್ಟರಲ್ಲಿ ಯಾರಿಗೋ ಉಪ್ಪಿನಕಾಯಿ ಬೇಕಾಗುತ್ತದೆ. ಅಡುಗೆಮನೆಗೆ ಹತ್ತಿರ ಕೂತವಳು ನಾನೇ ತಾನೆ, ನಾನೇ ಏಳಬೇಕು. ಬಂದು ಕೂತರೆ ಹೇಳಬೇಕೆಂದಿದ್ದ ಮಾತು ಎದ್ದು ಹೋಗಿರುತ್ತದೆ.

ಅಂತೂ ಇಂತೂ ಮೂಲೆ ಸಿಕ್ಕಿತು. ಅಲ್ಲಿಗೆ ಏನು ಹಾಕೋದು ಅಂತ ಯೋಚಿಸುವಾಗ ಊರಿನ ಮನೆಯ ಅಟ್ಟದ ಮೇಲಿದ್ದ ತಾತನ ಡೆಸ್ಕು ನೆನಪಾಯಿತು. ಅಣ್ಣನಿಗೆ ಫೋನ್ ಮಾಡಿದೆ. ಮುಂದಿನ ವಾರ ಬೆಂಗಳೂರಿಗೆ ಬರುವಾಗ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದ. ಧೂಳು ಒರೆಸಿ ಮುಚ್ಚಳ ತೆಗೆದರೆ ಒಳಗೆ ಒಂದು ಹಳೇ ನೋಟ್ ಪುಸ್ತಕ. ಅಜ್ಜಿಯ ಹಾಡಿನ ಪುಸ್ತಕ! ತಾತ ಇದ್ದಾಗ ಆ ಡೆಸ್ಕನ್ನು ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇಬ್ಬರೂ ಹೋದಮೇಲೆ ಮನೆ ಗುಡಿಸುವಾಗ ಯಾರೋ ಆ ಪುಸ್ತಕವನ್ನು ಅದರೊಳಗೆ ಇಟ್ಟಿರಬೇಕು. ಅಲ್ಲಿಂದ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಮನೆಯೊಳಗೆ ಬರೆಯುವವರು ಹಿಂದೆಲ್ಲಾ ಎಲ್ಲಿ ಕೂತು ಬರೆಯುತ್ತಿದ್ದರು?

ತಾತನ ಡೆಸ್ಕಿನಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಕುರ್ಚಿ ಬೇಡ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರೆ ಎದೆಮಟ್ಟಕ್ಕೆ ಬರುವ, ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ. ಮೇಲ್ಗಡೆ ಮಸಿಕುಡಿಕೆಗೆ ಒಂದು ಗುಳಿ. ತಾತ ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದರು. ಊರಿನ ಜಮೀನು, ಕಂದಾಯ, ಪಹಣಿ ಎಲ್ಲಾ ಈ ಡೆಸ್ಕಿನ ಮೇಲೇ ನಡೆದದ್ದು.

ಆದರೆ ಇಂಥ ಡೆಸ್ಕು ನಮ್ಮ ಮನೆಗಳಿಗೆ ಬಹಳ ಹಳೆಯದಲ್ಲ. ಓಲೆಗರಿಯ ಕಾಲದಲ್ಲಿ ಬರೆಯೋದಕ್ಕೆ ಮೇಜೇ ಬೇಕಿರಲಿಲ್ಲ. ಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕಂಠ ಅನ್ನುವ ಕಬ್ಬಿಣದ ಲೇಖನಿಯಿಂದ ಕೊರೆಯುತ್ತಿದ್ದರು. ಆಮೇಲೆ ಕಾಡಿಗೆ ಸವರಿದರೆ ಅಕ್ಷರ ಎದ್ದು ಕಾಣುತ್ತಿತ್ತು. ಅಂದರೆ ಬರೆಯುವವನ ಕೈಯೇ ಅವನ ಮೇಜು. ಶಾನುಭೋಗರ ಲೆಕ್ಕಕ್ಕೆ, ವರ್ತಕರ ಲೆಕ್ಕಕ್ಕೆ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯೋದು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಅದನ್ನೂ ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲಾ ತಿರುಗಬಹುದಿತ್ತು. ಹಾಳೆ, ಮಸಿ, ಸ್ಟೀಲ್ ನಿಬ್ಬು ಬಂದಮೇಲೆ ತಕರಾರು ಶುರುವಾಯಿತು. ಹಾಳೆಗೆ ಅಡಿಯಲ್ಲಿ ಗಟ್ಟಿ ಆಸರೆ ಬೇಕು, ಮಸಿಕುಡಿಕೆ ಉರುಳಬಾರದು, ಕಾಗದಪತ್ರ ಬೇರೆಯವರ ಕೈಗೆ ಸಿಗಬಾರದು. ಅದಕ್ಕೆ ಈ ಬೀಗವಿರುವ ಪೆಟ್ಟಿಗೆ.

ಈ ಪೆಟ್ಟಿಗೆ ಮನೆಯ ಯಾವ ಜಾಗದಲ್ಲಿ ಕೂತಿತು ಅನ್ನೋದು ಮುಖ್ಯ. ಪಡಸಾಲೆಯಲ್ಲಿ. ಬೆಳಕು ಚೆನ್ನಾಗಿ ಬೀಳುವ ಕಡೆ, ಬಂದವರು ಮೊದಲು ನೋಡುವ ಕಡೆ. ಯಾಕೆಂದರೆ ಅಲ್ಲಿ ನಡೆಯುತ್ತಿದ್ದದ್ದು ಸರ್ಕಾರದ ಬರವಣಿಗೆ, ದುಡ್ಡಿನ ಬರವಣಿಗೆ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆಯಿತು, 1963ರಲ್ಲಿ ಅದು ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಯಾಯಿತು. ಹುದ್ದೆ ಹೋದಮೇಲೂ ತಾತ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಡೆಸ್ಕಿನ ಮುಂದೆ ಕೂರುತ್ತಿದ್ದರಂತೆ. ಬರೆಯೋದಕ್ಕೆ ಏನೂ ಇರಲಿಲ್ಲ, ಜಾಗ ಮಾತ್ರ ಇತ್ತು.

ಅಜ್ಜಿಗೆ ಇದಕ್ಕೆ ತದ್ವಿರುದ್ಧ.

ಅಮ್ಮ ಹೇಳುವ ಪ್ರಕಾರ ಅಜ್ಜಿ ಬರೆಯುತ್ತಿದ್ದದ್ದು ಮಧ್ಯಾಹ್ನ. ಎಲ್ಲರದೂ ಊಟವಾಗಿ, ಪಾತ್ರೆ ತೊಳೆದು, ಒಲೆ ಸಾರಿಸಿದ ಮೇಲೆ, ಮೂರು ಗಂಟೆ ಕಾಫಿಗೆ ನೀರಿಡುವುದರೊಳಗೆ. ಹಿತ್ತಲ ಬಾಗಿಲ ಹೊಸಿಲ ಹತ್ತಿರ ಕೂತು, ಊಟದ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ಪುಸ್ತಕ. ಆರತಿ ಹಾಡು, ಹಸೆ ಹಾಡು, ಬೀಗರ ಹಾಡು, ಲಾಲಿ. ಪಕ್ಕದ ಮನೆಯವರು ಹೇಳಿದ್ದು, ಮದುವೆ ಮನೆಯಲ್ಲಿ ಕೇಳಿ ಬಂದದ್ದು. ನಿಮ್ಮ ಮನೆಗಳಲ್ಲೂ ಇಂಥ ಪುಸ್ತಕ ಇದ್ದಿರಬಹುದು. ಎರಡೆರಡು ಸಾಲಿಗೆ ಮಸಿಯ ಬಣ್ಣ ಬದಲಾಗಿದೆ. ಒಂದು ಹಾಡಿನ ನಡುವೆ ಹಾಲಿನ ಲೆಕ್ಕ ಬಂದು ಕೂತಿದೆ. ಬರೆಯುತ್ತಾ ಬರೆಯುತ್ತಾ ಯಾರೋ ಕರೆದಿದ್ದಾರೆ, ಎದ್ದು ಹೋಗಿದ್ದಾರೆ, ಮಾರನೆಯ ದಿನ ಬಂದು ಅಲ್ಲಿಂದಲೇ ಮುಂದುವರಿಸಿದ್ದಾರೆ.

ಇದನ್ನು ನೋಡುವಾಗ ನನಗೆ ಜೇನ್ ಆಸ್ಟಿನ್ ನೆನಪಾದಳು. 1809ರಲ್ಲಿ ಆಕೆ ಅಮ್ಮ, ಅಕ್ಕ ಕಸಾಂಡ್ರಾ ಮತ್ತು ಒಬ್ಬ ಗೆಳತಿಯ ಜೊತೆ ಇಂಗ್ಲೆಂಡಿನ ಚಾಟನ್ ಅನ್ನುವ ಹಳ್ಳಿಗೆ ಬಂದಳು. ಮನೆ ಅಣ್ಣನದು. ಅವಳಿಗೆ ಬರೆಯುವ ಕೋಣೆ ಇರಲಿಲ್ಲ. ಊಟದ ಕೋಣೆಯ ಕಿಟಕಿಯ ಹತ್ತಿರ ಒಂದು ಪುಟ್ಟ ಮೇಜು, ಹನ್ನೆರಡು ಮೂಲೆಯದ್ದು, ಒಂದು ತಟ್ಟೆಯಿಟ್ಟರೆ ತುಂಬಿಹೋಗುವಷ್ಟು. ಸಣ್ಣ ಸಣ್ಣ ಹಾಳೆಗಳ ಮೇಲೆ ಬರೆಯುತ್ತಿದ್ದಳು, ಯಾರಾದರೂ ಬಂದರೆ ತಕ್ಷಣ ಸರಿಸಿ ಮುಚ್ಚಿಡುವುದಕ್ಕೆ. ಆ ಮನೆಯಲ್ಲಿ ಒಂದು ಬಾಗಿಲು ತೆರೆದರೆ ಕಿರುಗುಟ್ಟುತ್ತಿತ್ತಂತೆ. ಅದನ್ನು ಸರಿಮಾಡಲು ಆಕೆ ಬಿಡಲಿಲ್ಲ. ಯಾರೋ ಬರುತ್ತಿದ್ದಾರೆ ಅನ್ನುವುದಕ್ಕೆ ಅದೇ ಗಂಟೆ! ಇದನ್ನೆಲ್ಲಾ ಬರೆದಿಟ್ಟವನು ಅವಳ ಅಣ್ಣನ ಮಗ, ಅವಳು ತೀರಿಕೊಂಡು ಐವತ್ತು ವರ್ಷ ಕಳೆದ ಮೇಲೆ. ಆ ಮೂಲೆಯಲ್ಲಿ ಕೂತವಳ ನಾಲ್ಕು ಕಾದಂಬರಿಗಳು 1811ರಿಂದ 1815ರೊಳಗೆ ಅಚ್ಚಾದವು. ಒಂದರ ಮೇಲೂ ಅವಳ ಹೆಸರಿರಲಿಲ್ಲ.

ಮೇಜು ಚಿಕ್ಕದಾದರೂ ಆಸ್ಟಿನ್‌ಗೆ ಮೇಜು ಅಂತ ಒಂದಿತ್ತು. ಮನೆಯವರಿಗೆ ಅವಳು ಬರೆಯುವುದು ಗೊತ್ತಿತ್ತು. ಹೆಚ್ಚಿನ ಮನೆವಾರ್ತೆ ಅಕ್ಕ ಮತ್ತು ಗೆಳತಿ ನೋಡಿಕೊಳ್ಳುತ್ತಿದ್ದರು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಬಂಗಾಳದಲ್ಲಿ ಹುಟ್ಟಿದ ರಾಸಸುಂದರಿ ದೇವಿಗೆ ಅಷ್ಟೂ ಇರಲಿಲ್ಲ.

ರಾಸಸುಂದರಿ ಹುಟ್ಟಿದ ಊರು ಈಗಿನ ಬಾಂಗ್ಲಾದೇಶದ ಪಾಬ್ನಾ ಕಡೆ. ಚಿಕ್ಕಂದಿನಲ್ಲಿ ಅವರ ಮನೆಯಲ್ಲೇ ಹುಡುಗರಿಗೆ ಪಾಠ ನಡೆಯುತ್ತಿತ್ತು. ಈಕೆ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದಳು, ಕೇಳಿಸಿಕೊಂಡೇ ಅಕ್ಷರಗಳ ಪರಿಚಯವಾಗಿತ್ತು. ಹನ್ನೆರಡಕ್ಕೆ ಮದುವೆ. ದೊಡ್ಡ ಸಂಸಾರ, ಮುಗಿಯದ ಅಡುಗೆ, ಸಾಲು ಬಾಣಂತನ. ಹೆಣ್ಣು ಓದಿದರೆ ವಿಧವೆಯಾಗುತ್ತಾಳೆ ಅನ್ನುವ ನಂಬಿಕೆ ಇದ್ದ ಕಾಲ. ಆಕೆಯ ಸಂಕೋಚ ಎಷ್ಟಿತ್ತೆಂದರೆ ಗಂಡನ ಕುದುರೆಯ ಎದುರು ಬರುವುದಕ್ಕೂ ನಾಚಿಕೊಳ್ಳುತ್ತಿದ್ದಳಂತೆ!

ಅಂಥವಳು ಇಪ್ಪತ್ತೈದರ ಆಸುಪಾಸಿನಲ್ಲಿ ಒಂದು ಕಳ್ಳತನ ಮಾಡಿದಳು. ಮನೆಯಲ್ಲಿದ್ದ ಚೈತನ್ಯ ಭಾಗವತದ ಪ್ರತಿಯಿಂದ ಒಂದು ಹಾಳೆ ಬಿಡಿಸಿಕೊಂಡಳು. ದೊಡ್ಡ ಮಗ ಅಕ್ಷರ ತಿದ್ದಿದ ಒಂದು ಓಲೆಗರಿಯನ್ನೂ ಎತ್ತಿಕೊಂಡಳು. ಎರಡನ್ನೂ ಅಡುಗೆಮನೆಯಲ್ಲಿ ಬಚ್ಚಿಟ್ಟಳು. ಅನ್ನ ಬೇಯುವಾಗ ಎಡಗೈಯಲ್ಲಿ ಹಿಡಿದು, ಸೆರಗಿನ ಮರೆಯಲ್ಲಿ, ಗರಿಯ ಅಕ್ಷರಕ್ಕೂ ಹಾಳೆಯ ಅಕ್ಷರಕ್ಕೂ ಚಿಕ್ಕಂದಿನಲ್ಲಿ ಕಿವಿಗೆ ಬಿದ್ದ ಸದ್ದಿಗೂ ತಾಳೆ ಹಾಕುತ್ತಾ ಹೋದಳು. ಓದು ಹೀಗೆ ಬಂತು. ಬರೆಯಲು ಕಲಿತದ್ದು ಎಷ್ಟೋ ವರ್ಷಗಳ ಮೇಲೆ, ದೂರದಲ್ಲಿದ್ದ ಮಗ "ನನ್ನ ಕಾಗದಕ್ಕೆ ಉತ್ತರ ಬರಿ" ಅಂತ ಹಾಳೆ, ಲೇಖನಿ, ಮಸಿ ತಂದುಕೊಟ್ಟಾಗ. 19ನೇ ಶತಮಾನದ ಉತ್ತರಾರ್ಧದಲ್ಲಿ ಆಕೆಯ 'ಆಮಾರ್ ಜೀಬನ್' ಅಚ್ಚಾಯಿತು. ಬಂಗಾಳಿಯ ಮೊಟ್ಟಮೊದಲ ಆತ್ಮಚರಿತ್ರೆ ಅಂತ ಅದನ್ನು ಗುರುತಿಸುತ್ತಾರೆ. ಪುಸ್ತಕ ಚಿಕ್ಕ ಚಿಕ್ಕ ರಚನೆಗಳಾಗಿದೆ.

ಇಲ್ಲಿಗೆ ನನಗೆ ಒಂದು ವಿಷಯ ಹೊಳೆಯಿತು. ಕೂತ ಜಾಗ ಎಷ್ಟು ದೊಡ್ಡದೋ, ಬರವಣಿಗೆಯ ಅಳತೆಯೂ ಅಷ್ಟೇ ಆಗಿಬಿಡುತ್ತದೆ. ಇದು ನನ್ನ ಸ್ವಂತ ಸಂಶೋಧನೆ ಅಂತ ಬೀಗುವ ಹಾಗಿಲ್ಲ. ವರ್ಜೀನಿಯಾ ವುಲ್ಫ್ 1928ರಲ್ಲಿ ಕೇಂಬ್ರಿಡ್ಜ್‌ನ ಎರಡು ಮಹಿಳಾ ಕಾಲೇಜುಗಳಲ್ಲಿ ಮಾಡಿದ ಭಾಷಣಗಳಲ್ಲಿ, ಅದರಿಂದ 1929ರಲ್ಲಿ ಬಂದ ಪುಸ್ತಕದಲ್ಲಿ, ಇದನ್ನೇ ಹೇಳಿದ್ದಳು. ಹೆಣ್ಣು ಬರೆಯಬೇಕಾದರೆ ವರ್ಷಕ್ಕೆ ಐನೂರು ಪೌಂಡು ಆದಾಯ, ಬೀಗ ಹಾಕಬಹುದಾದ ಒಂದು ಕೋಣೆ ಬೇಕು ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು. ಅದೇ ಪುಸ್ತಕದಲ್ಲಿ ಆಸ್ಟಿನ್‌ಳ ಕಿರುಗುಟ್ಟುವ ಬಾಗಿಲೂ ಬರುತ್ತದೆ. ಎಲ್ಲರೂ ಓಡಾಡುವ ಕೋಣೆಯಲ್ಲಿ ಕೂತು ಕವಿತೆ, ನಾಟಕಕ್ಕಿಂತ ಕಾದಂಬರಿ ಬರೆಯುವುದು ಸುಲಭ, ನಡುವೆ ಎದ್ದು ಹೋದರೂ ಎಳೆ ಸಿಗುತ್ತದೆ ಅನ್ನುವುದು ವುಲ್ಫ್‌ಳ ವಾದ.

ಆದರೆ ವುಲ್ಫ್‌ಳ ಕೋಣೆಗೂ ಒಂದು ಅಡುಗೆಮನೆ ಇತ್ತು. ನೆಲ್ಲಿ ಬಾಕ್ಸಾಲ್ ಅನ್ನುವ ಹೆಂಗಸು 1916ರಿಂದ 1934ರವರೆಗೆ ಆ ಮನೆಯಲ್ಲಿ ಅಡುಗೆಗಿದ್ದಳು. ಒಬ್ಬಳು ಬಾಗಿಲು ಹಾಕಿಕೊಂಡು ಬರೆಯಬೇಕಾದರೆ ಇನ್ನೊಬ್ಬಳು ಒಲೆಯ ಮುಂದೆ ನಿಲ್ಲಬೇಕು. ಇದನ್ನು ಬರೆಯುವಾಗ ನಮ್ಮ ಮನೆಯ ಪಾತ್ರೆ ತೊಳೆಯುತ್ತಿರುವವರ ಸದ್ದು ನನಗೂ ಕೇಳಿಸುತ್ತಿದೆ. ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ? ನಂಜನಗೂಡಿನ ತಿರುಮಲಾಂಬ (1887–1982) ಬಾಲ್ಯದಲ್ಲೇ ವಿಧವೆಯಾಗಿ ತವರಿನಲ್ಲಿ ಉಳಿದವರು. ತಂದೆಯ ಬೆಂಬಲ ಇತ್ತು. ಹೊರಗೆ ಬರಬಾರದು ಅಂತ ಸಮಾಜ ಹೇಳಿದ ಮನೆಯೊಳಗೇ ಕೂತು ಅವರು ಕಾದಂಬರಿ ಬರೆದರು, ಹುಡುಗಿಯರಿಗೆ ಪಾಠ ಹೇಳಿದರು, 1910ರ ದಶಕದಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ನಲವತ್ತೈದು ದಾಟಿದ ಮೇಲೆ! 'ಫಣಿಯಮ್ಮ' ಬಂದದ್ದು 1976ರಲ್ಲಿ, ಅದೂ ತಮ್ಮ ಬಂಧುವರ್ಗದ ವಿಧವೆಯೊಬ್ಬರ ನಿಜವಾದ ಬದುಕಿನ ಮೇಲೆ. 1963 ಅಂದೆನಲ್ಲ, ನಮ್ಮ ತಾತನ ಶಾನುಭೋಗಿಕೆ ಹೋದದ್ದೂ ಅದೇ ವರ್ಷ. ಒಂದು ಮನೆಯಲ್ಲಿ ಲೆಕ್ಕದ ಬರವಣಿಗೆ ಮುಗಿಯಿತು, ಇನ್ನೊಂದು ಮನೆಯಲ್ಲಿ ಕಾದಂಬರಿ ಶುರುವಾಯಿತು. ಎರಡಕ್ಕೂ ಸಂಬಂಧವೇನಿಲ್ಲ, ಆದರೂ ನನಗೆ ಒಂಥರಾ ಖುಷಿ.

ಈಗ ಅಜ್ಜಿಯ ಪುಸ್ತಕಕ್ಕೆ ವಾಪಸ್ಸು ಬರುತ್ತೇನೆ. ಕೊನೆಯ ಕಡೆ, ಗೌರಿ ಹಾಡು ಮುಗಿದ ಮೇಲೆ, ಒಂದು ಪುಟದಲ್ಲಿ ಹಾಡಲ್ಲದ ಮೂರು ಸಾಲು ಇದೆ. ಅಜ್ಜಿಯದೇ ಅಕ್ಷರ. ತಾರೀಖಿಲ್ಲ.

"ಎಲ್ಲರೂ ಜಾತ್ರೆಗೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಏನು ಬರೆಯಬೇಕೋ ತೋಚುವುದಿಲ್ಲ."

ಅಷ್ಟೇ. ಕೆಳಗೆ ಪುಟವೆಲ್ಲಾ ಖಾಲಿ. ನೂರಾರು ಹಾಡು ತಪ್ಪಿಲ್ಲದೆ ಬರೆದಿಟ್ಟ ಕೈ ಅದು. ಎದ್ದು ಬಾ ಅಂತ ಯಾರೂ ಕರೆಯದ ಒಂದಿಡೀ ಮಧ್ಯಾಹ್ನ ಸಿಕ್ಕಿದಾಗ ಆ ಕೈ ನಿಂತುಬಿಟ್ಟಿದೆ. ತುಂಡು ತುಂಡು ಸಮಯದಲ್ಲಿ ಬೇರೆಯವರ ಹಾಡು ಇಳಿಸಿಕೊಂಡೇ ಅಭ್ಯಾಸವಾದವರಿಗೆ ತನ್ನ ಮಾತು ಒಂದೇ ಸಲಕ್ಕೆ ಎಲ್ಲಿಂದ ಬರಬೇಕು? ಒಂದು ಮಧ್ಯಾಹ್ನ ಸಾಲದು. ದಿನಾ ಸಿಗಬೇಕಿತ್ತು. ಪಡಸಾಲೆಯ ಡೆಸ್ಕು ಅಲ್ಲೇ ಇತ್ತು, ತಾತನೂ ಜಾತ್ರೆಗೆ ಹೋಗಿದ್ದರು. ಅಜ್ಜಿ ಅವತ್ತಾದರೂ ಅದರ ಮುಂದೆ ಕೂತಿದ್ದರೋ, ಎಂದಿನಂತೆ ಹಿತ್ತಲ ಬಾಗಿಲಲ್ಲಿ ಮಣೆ ಇಟ್ಟುಕೊಂಡೇ ಬರೆದರೋ... ಅಮ್ಮನನ್ನು ಕೇಳಿದೆ. "ಅವರು ಡೆಸ್ಕು ಮುಟ್ಟೋರಲ್ಲ ಕಣೆ" ಅಂದರು.

ನನ್ನ ಮೂಲೆ ಈಗ ಸಿದ್ಧವಾಗಿದೆ. ಡೆಸ್ಕಿನ ಮೇಲೆ ಲ್ಯಾಪ್‌ಟಾಪು, ಒಳಗೆ ಅಜ್ಜಿಯ ಪುಸ್ತಕ. ಬಾಲ್ಕನಿಯ ಬಾಗಿಲು ಕಿರುಗುಟ್ಟುತ್ತದೆ, ಎಣ್ಣೆ ಬಿಡಬೇಡಿ ಅಂತ ಹೇಳಿದ್ದೇನೆ :) ಮೊದಲ ದಿನ ಕೂತಾಗ ನನಗೂ ಏನೂ ತೋಚಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಇದನ್ನು ಶುರು ಮಾಡಿದೆ. ನಡುವೆ ನಾಲ್ಕು ಸಲ ಎದ್ದಿದ್ದೇನೆ, ಎರಡು ಸಲ ಉಪ್ಪಿನಕಾಯಿಗೆ.

ನಿಮ್ಮಲ್ಲಿ ಒಂದು ಕೋರಿಕೆ. ಊರಿನ ಮನೆ ಮಾರುವಾಗ, ಅಟ್ಟ ಖಾಲಿ ಮಾಡುವಾಗ, ಹಳೇ ಪೇಪರಿನವನ ತಕ್ಕಡಿಗೆ ಹಾಕುವ ಮುನ್ನ ಹಾಡಿನ ಪುಸ್ತಕಗಳನ್ನು ಒಮ್ಮೆ ಕೊನೆಯ ಪುಟದವರೆಗೆ ತಿರುವಿ ನೋಡಿ. ತಾತಂದಿರ ಬರವಣಿಗೆಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿ ಇದೆ. ಅಜ್ಜಿಯರದ್ದಕ್ಕೆ ನಾವೇ. ಹಾಗೆಯೇ, ನಿಮ್ಮ ಅಜ್ಜಿ ಎಲ್ಲಿ ಕೂತು ಬರೆಯುತ್ತಿದ್ದರು? ನೆನಪಿದ್ದರೆ ಹೇಳಿ, ತಿಳಿದುಕೊಳ್ಳುವ ಆಸೆ.